‘ಆರಿಫೆರಸ್’ನಲ್ಲಿ ಕಬ್ಬಿಣ ಎಲ್ಲಿದೆ?

ಪ್ರಶ್ನೆ: ನಮ್ಮ ತಾತ ಕೆಜಿಎಫ್‌ನ ಗಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಟ್ರಂಕಿನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹಳೆಯ ವರದಿಯೊಂದು ಸಿಕ್ಕಿದೆ. ಅದರ ತುಂಬಾ ‘ಆರಿಫೆರಸ್ ಕ್ವಾರ್ಟ್ಜ್’, ‘ಆರಿಫೆರಸ್ ಲೋಡ್’ ಅಂತ ಇದೆ. ಒಂದು ಕಡೆ ‘ಫೆರುಜಿನಸ್ ಕ್ವಾರ್ಟ್ಜೈಟ್’ ಅಂತಲೂ ಇದೆ. ಫೆರಸ್ ಅಂದರೆ ಕಬ್ಬಿಣದ್ದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಹಾಗಾದರೆ ಆರಿಫೆರಸ್ ಅಂದರೆ ಚಿನ್ನ, ಕಬ್ಬಿಣ ಎರಡೂ ಬೆರೆತದ್ದೇ? ಈ ಪದ ಎಲ್ಲಿಂದ ಬಂತು? ಮಾಮೂಲಿ ಇಂಗ್ಲಿಷಿನಲ್ಲಿ ಬಳಸಬಹುದೇ? ಕನ್ನಡದಲ್ಲಿ ಏನನ್ನಬೇಕು?
– ಓದುಗರು, ಬಂಗಾರಪೇಟೆ

ಉತ್ತರ: ಇಲ್ಲ, ಆರಿಫೆರಸ್‌ನಲ್ಲಿ ಕಬ್ಬಿಣ ಇಲ್ಲ. ಚಿನ್ನ ಮಾತ್ರ ಇದೆ. ‘ಚಿನ್ನವನ್ನು ಹೊತ್ತಿರುವ’ ಅನ್ನುವುದೇ ಆ ಪದದ ಅರ್ಥ. ಕ್ವಾರ್ಟ್ಜ್ ಅಂದರೆ ಬೆಣಚುಕಲ್ಲು, ಲೋಡ್ ಅಂದರೆ ಬಂಡೆಯೊಳಗೆ ಹಾದುಹೋದ ಅದಿರಿನ ಎಳೆ. ಆದರೆ ನಿಮಗೆ ಬಂದ ಅನುಮಾನ ಬುದ್ಧಿವಂತರಿಗೇ ಬರುವಂಥದ್ದು. ಫೆರಸ್ ಸಲ್ಫೇಟ್ ಹೆಸರು ಗೊತ್ತಿದ್ದವರು, ರಸಾಯನಶಾಸ್ತ್ರ ಓದಿದವರು ಎಲ್ಲರೂ ಅಲ್ಲೇ ಎಡವುತ್ತಾರೆ.

ವರದಿಯನ್ನು ಮತ್ತೆ ತೆಗೆದು ಸ್ಪೆಲಿಂಗ್ ನೋಡಿ. ಆರಿಫೆರಸ್‌ನ ಕೊನೆಯ ಭಾಗದಲ್ಲಿ ಎಫ್ ಮತ್ತು ಇ ಆದ ಮೇಲೆ ಒಂದೇ ಒಂದು ಆರ್ ಇರುತ್ತದೆ. ಕಬ್ಬಿಣದ ಫೆರಸ್‌ನಲ್ಲಿ ಎರಡು ಆರ್. ಫೆರುಜಿನಸ್‌ನಲ್ಲೂ ಎರಡು ಆರ್. ಎರಡು ಆರ್ ಇರುವ ಪದಗಳು ಲ್ಯಾಟಿನ್ನಿನ ಫೆರಮ್, ಅಂದರೆ ಕಬ್ಬಿಣ, ಅದರಿಂದ ಬಂದವು. ಕಬ್ಬಿಣದ ಸಂಕೇತ ಎಫ್‌ಇ ಆಗಿರುವುದೂ ಅದರಿಂದಲೇ. ಒಂದು ಆರ್ ಇರುವುದು ಲ್ಯಾಟಿನ್ನಿನ ‘ಫೆರ್’ ಎಂಬ ಕ್ರಿಯಾಧಾತುವಿನಿಂದ ಬಂದದ್ದು. ಹೊರು, ಹೊತ್ತು ತರು, ಸಾಗಿಸು, ಫಲ ಕೊಡು, ಇವೆಲ್ಲ ಅದರ ಅರ್ಥಗಳು. ಎರಡಕ್ಕೂ ಸಂಬಂಧವಿಲ್ಲ. ಫೆರಮ್ ಲ್ಯಾಟಿನ್ನಿಗೆ ಬೇರೆ ಯಾವುದೋ ಭಾಷೆಯಿಂದ ಬಂದ ಪದ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಫೆರ್ ಮಾತ್ರ ಅದರ ಸ್ವಂತ ಆಸ್ತಿ.

ಲ್ಯಾಟಿನ್ ನಿಘಂಟು ತೆರೆದರೆ ನಿಮಗೆ ಇನ್ನೊಂದು ಗೊಂದಲ ಆಗಬಹುದು. ಅಲ್ಲಿ ಆ ಕ್ರಿಯಾಪದವನ್ನು ‘ಫೆರ್ರೆ’ ಎಂದು ಎರಡು ಆರ್ ಹಾಕಿ ಕೊಟ್ಟಿರುತ್ತಾರೆ. ಅದರಲ್ಲಿ ಧಾತು ಫೆರ್ ಅಷ್ಟೇ. ‘ರೆ’ ಎನ್ನುವುದು ‘ಹೊರುವುದು’ ಎಂಬ ರೂಪ ಮಾಡಲು ಹಚ್ಚಿದ ಪ್ರತ್ಯಯ. ಸಮಾಸದಲ್ಲಿ ಆ ಬಾಲ ಉದುರಿಹೋಗುತ್ತದೆ. ಇಷ್ಟು ಹೇಳಿದ ಮೇಲೆ ಒಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ನದಿ ದಾಟಿಸುವ ದೋಣಿಗೆ ಇಂಗ್ಲಿಷಿನಲ್ಲಿ ಫೆರಿ ಅನ್ನುತ್ತಾರಲ್ಲ, ಅದರಲ್ಲೂ ಎರಡು ಆರ್, ಅದೂ ಜನರನ್ನು ಹೊತ್ತು ಸಾಗಿಸುತ್ತದೆ. ಆದರೆ ಅದು ಕಬ್ಬಿಣದ್ದೂ ಅಲ್ಲ, ಲ್ಯಾಟಿನ್ನಿನ ಫೆರ್ ಕಡೆಯದೂ ಅಲ್ಲ. ಅದು ಹಳೆಯ ಇಂಗ್ಲಿಷಿನದೇ ಬೇರೊಂದು ಪದ.

ಉಚ್ಚಾರದ ವಿಷಯ. ಒತ್ತು ಎರಡನೇ ಅಕ್ಷರದ ಮೇಲೆ ಬೀಳುತ್ತದೆ: ಆ-ರಿಫ್-ಅರಸ್. ‘ಆರಿ’ ಒಂದು ಕಡೆ, ‘ಫೆರಸ್’ ಒಂದು ಕಡೆ ಎಂದು ಒಡೆದು ಓದಿದರೆ ಕಬ್ಬಿಣ ಕೇಳಿಸುತ್ತದೆ. ಸರಿಯಾಗಿ ಓದಿದರೆ ಕೇಳಿಸುವುದಿಲ್ಲ.

ಈಗ ಈ ‘ಫೆರ್’ ಕಡೆಗೆ ಬರೋಣ. ಪದದ ಜೀವ ಇರುವುದೇ ಅಲ್ಲಿ. ಲ್ಯಾಟಿನ್, ಗ್ರೀಕ್, ಸಂಸ್ಕೃತ, ಇಂಗ್ಲಿಷ್ ಒಂದೇ ಭಾಷಾ ಕುಟುಂಬದವು ಎನ್ನುವುದು ನಿಮಗೆ ಗೊತ್ತಿರುತ್ತದೆ. ಆ ಕುಟುಂಬದಲ್ಲಿ ಸಂಸ್ಕೃತದ ಭ ಕಾರ ಇರುವ ಕಡೆ ಲ್ಯಾಟಿನ್ನಿನಲ್ಲಿ ಪದದ ಮೊದಲಿಗೆ ಫ ಬರುತ್ತದೆ, ಇಂಗ್ಲಿಷಿನಲ್ಲಿ ಬ ಬರುತ್ತದೆ. ಭ್ರಾತೃ, ಫ್ರಾತೆರ್, ಬ್ರದರ್. ಹಾಗೆಯೇ ಸಂಸ್ಕೃತದ ‘ಭೃ’ ಅಥವಾ ‘ಭರ್’, ಲ್ಯಾಟಿನ್ನಿನ ‘ಫೆರ್’, ಇಂಗ್ಲಿಷಿನ ‘ಬೇರ್’ ಮೂರೂ ಒಂದೇ. ನಾವು ದಿನಾ ಬಳಸುವ ಭಾರ, ಭರಣಿ, ಭರಿಸು ಎಲ್ಲ ಆ ‘ಭೃ’ ಮನೆತನದವು. ಅದೇ ಸಾಲಿನಲ್ಲಿ ಆಭರಣವೂ ಇದೆ. ಆ ಮತ್ತು ಭರಣ ಸೇರಿ ಆಭರಣ, ಅಂದರೆ ಮೈಮೇಲೆ ಹೊತ್ತದ್ದು, ಧರಿಸಿದ್ದು. ಬಂಗಾರಪೇಟೆಯ ಒಡವೆ ಅಂಗಡಿಯ ಬೋರ್ಡಿನಲ್ಲಿರುವ ‘ಆಭರಣ’ಕ್ಕೂ ನಿಮ್ಮ ತಾತನ ವರದಿಯ ‘ಆರಿಫೆರಸ್’ಗೂ ಬೇರು ಒಂದೇ. ಒಂದರಲ್ಲಿ ಕಲ್ಲು ಚಿನ್ನ ಹೊತ್ತಿದೆ, ಇನ್ನೊಂದರಲ್ಲಿ ಮನುಷ್ಯರು.

ಈ ಕ್ರಿಯಾಪದ ಲ್ಯಾಟಿನ್ ವಿದ್ಯಾರ್ಥಿಗಳಿಗೆ ಒಂದು ಕಾಟ. ವರ್ತಮಾನ ಕಾಲದಲ್ಲಿ ಫೆರ್. ಭೂತಕಾಲಕ್ಕೆ ಹೋದರೆ ‘ತುಲಿ’. ‘ಹೊತ್ತ’ ಎನ್ನಲು ‘ಲಾತುಸ್’. ಇಂಗ್ಲಿಷಿನ ಗೋ, ವೆಂಟ್ ಇದ್ದ ಹಾಗೆ ಇವು ಬೇರೆ ಬೇರೆ ಬೇರಿನವು, ಒಂದೇ ಕ್ರಿಯಾಪದದಲ್ಲಿ ಸೇರಿಕೊಂಡಿವೆ. ಹಾಗಾಗಿ ಟ್ರಾನ್ಸ್‌ಫರ್ ಮತ್ತು ಟ್ರಾನ್ಸ್‌ಲೇಟ್ ಎರಡೂ ಒಂದೇ ಕ್ರಿಯಾಪದದ ಮಕ್ಕಳು. ಎರಡೂ ‘ಆಚೆ ಹೊತ್ತುಕೊಂಡು ಹೋಗುವುದು’. ಸರ್ಕಾರಿ ನೌಕರರು ಮೊದಲನೆಯದಕ್ಕೆ ಹೆದರುತ್ತಾರೆ, ನನ್ನಂಥವರು ಎರಡನೆಯದಕ್ಕೆ. ಆ ‘ತುಲಿ’ ಇದೆಯಲ್ಲ, ಅದು ಸಂಸ್ಕೃತದ ‘ತುಲಾ’ ಅಂದರೆ ತಕ್ಕಡಿಯ ನೆಂಟ. ಎತ್ತುವುದು, ಹೊರುವುದು, ತೂಗುವುದು, ಈ ಅರ್ಥಗಳು ಆ ಬೇರಿನವು. ಅದೇ ‘ತುಲ್’ನಿಂದ ಚಿನ್ನ ತೂಗುವ ‘ತೊಲ’ ಬಂದಿದೆ. ಚಿನ್ನವನ್ನು ತೊಲದ ಲೆಕ್ಕದಲ್ಲಿ ಕೇಳುವ ಹಿರಿಯರು ಗೊತ್ತಿಲ್ಲದೆಯೇ ಲ್ಯಾಟಿನ್ ವ್ಯಾಕರಣದ ಒಂದು ತುಂಡನ್ನು ಬಳಸುತ್ತಿರುತ್ತಾರೆ.

ರೆಫರ್, ಪ್ರಿಫರ್, ಆಫರ್, ಸಫರ್ ಇವುಗಳ ‘ಫರ್’ ಎಲ್ಲ ಇದೇ. ಫರ್ಟಿಲೈಸರ್ ಕೂಡ. ಫರ್ಟೈಲ್ ಅಂದರೆ ಫಲ ಹೊರುವ, ಫಲ ಕೊಡುವ. ಗ್ರೀಕಿನಲ್ಲಿ ಇದೇ ಧಾತು ‘ಫೋರ್’ ಆಗಿ ಫಾಸ್ಫರಸ್‌ನಲ್ಲಿ ಕೂತಿದೆ. ಫಾಸ್ಫರಸ್ ಅಂದರೆ ಬೆಳಕು ಹೊತ್ತದ್ದು. ಲ್ಯಾಟಿನ್ನಿನಲ್ಲಿ ಅದರ ಜೋಡಿ ಲೂಸಿಫರ್. ಎರಡೂ ಮೊದಲು ಬೆಳಗಿನ ಶುಕ್ರನ ಹೆಸರುಗಳು. ನಮ್ಮ ರೈತರು ‘ಬೆಳ್ಳಿ ಮೂಡಿತು’ ಅನ್ನುತ್ತಾರಲ್ಲ, ಅದೇ ಚುಕ್ಕಿ. ಸೈತಾನನ ಹೆಸರಾದದ್ದು ಆಮೇಲೆ.

ನಮ್ಮ ಕಡೆಯವರಿಗೆ ತೀರಾ ಪರಿಚಯದ ಒಂದು ‘ಫರ್’ ಉಂಟು: ಅಕ್ವಿಫರ್. ನೀರು ಹೊತ್ತ ಕಲ್ಲಿನ ಪದರ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬೋರ್‌ವೆಲ್ ಕೊರೆಸಲು ಭೂಗರ್ಭ ಶಾಸ್ತ್ರಜ್ಞರನ್ನು ಕರೆಸಿದ ಯಾರಿಗಾದರೂ ಈ ಪದ ಕಿವಿಗೆ ಬಿದ್ದಿರುತ್ತದೆ. ಅಕ್ವಾ ಅಂದರೆ ನೀರು, ಉಳಿದದ್ದು ನಿಮಗೆ ಗೊತ್ತಾಯಿತು. ಅಕ್ವಿಫರ್ ಅರ್ಥವಾದವರಿಗೆ ಆರಿಫೆರಸ್ ಅರ್ಥವಾಗಲೇಬೇಕು. ಅಲ್ಲಿ ನೀರು, ಇಲ್ಲಿ ಚಿನ್ನ. ಈಗಿನ ಕಾಲದಲ್ಲಿ ಯಾವುದರ ಬೆಲೆ ಜಾಸ್ತಿ ಅನ್ನುವುದನ್ನು ಮಾಲೂರು, ಮುಳಬಾಗಿಲಿನವರು ಹೇಳಲಿ.

ಗಿಡಮರಗಳ ಲ್ಯಾಟಿನ್ ಹೆಸರುಗಳಲ್ಲೂ ಇದು ತುಂಬಿಕೊಂಡಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಈ ಮೂರು ಜಿಲ್ಲೆಗಳ ತೋಟಗಳನ್ನು ಸುತ್ತಿ ಬಂದರೆ ಸಾಕು. ಶ್ರೀನಿವಾಸಪುರದ ಮಾವು ‘ಮ್ಯಾಂಜಿಫೆರಾ ಇಂಡಿಕಾ’. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕೊಟ್ಟ ಹೆಸರು. ಮ್ಯಾಂಗೋ ಹೊರುವ ಮರ ಎಂದರ್ಥ. ಮ್ಯಾಂಗೋ ಎನ್ನುವುದು ತಮಿಳು, ಮಲಯಾಳದ ‘ಮಾಂಗಾ’ ಪೋರ್ಚುಗೀಸರ ಬಾಯಲ್ಲಿ ‘ಮಾಂಗ’ ಆಗಿ ಯುರೋಪಿಗೆ ಹೋದದ್ದು. ಅಂದರೆ ಆ ಹೆಸರಿನ ಮುಂದಿನ ಅರ್ಧ ದ್ರಾವಿಡ, ಹಿಂದಿನ ಅರ್ಧ ಲ್ಯಾಟಿನ್. ತಿಪಟೂರಿನ ತೆಂಗು ‘ಕೋಕೋಸ್ ನ್ಯೂಸಿಫೆರಾ’, ಕಾಯಿ ಹೊರುವುದು. ಹಿತ್ತಲಿನ ನುಗ್ಗೆ ‘ಮೊರಿಂಗಾ ಓಲಿಫೆರಾ’, ಎಣ್ಣೆ ಹೊರುವುದು. ನುಗ್ಗೆ ಬೀಜದಿಂದ ಎಣ್ಣೆ ತೆಗೆಯುತ್ತಾರೆ, ನಾವು ಸಾರಿಗೆ ಹಾಕಿ ಮುಗಿಸುತ್ತೇವೆ ಅಷ್ಟೇ. ದ್ರಾಕ್ಷಿ ‘ವೈಟಿಸ್ ವಿನಿಫೆರಾ’, ವೈನ್ ಹೊರುವುದು. ಚಿಕ್ಕಬಳ್ಳಾಪುರದವರು ಇಲ್ಲಿ ಒಂದು ವಿಷಯ ಗಮನಿಸಬೇಕು. ದಿಲ್‌ಖುಷ್ ದ್ರಾಕ್ಷಿ ವಿನಿಫೆರಾ ಕಡೆಯದು. ಕಪ್ಪಗಿರುವ ಬೆಂಗಳೂರು ಬ್ಲೂ ಆ ಗುಂಪಿನದಲ್ಲ, ಅದು ಅಮೆರಿಕ ಮೂಲದ ಲ್ಯಾಬ್ರುಸ್ಕಾ ಕಡೆಯದು. ವೈನ್ ಮಾಡಲು ಅದನ್ನೂ ಬಳಸುತ್ತಾರೆ, ಹೆಸರಲ್ಲಿ ಮಾತ್ರ ವೈನ್ ಇಲ್ಲ.

ಇನ್ನು ಪದದ ಮುಂದಿನ ಅರ್ಧ. ‘ಆರಿ’ ಬಂದದ್ದು ಲ್ಯಾಟಿನ್ನಿನ ‘ಔರುಮ್’ನಿಂದ, ಅಂದರೆ ಚಿನ್ನ. ಚಿನ್ನದ ರಾಸಾಯನಿಕ ಸಂಕೇತ ಎಯು ಆಗಿರುವುದು ಇದರಿಂದಲೇ. ಈ ಔರುಮ್ ಮೊದಲಿಗೆ ‘ಔಸುಮ್’ ಆಗಿತ್ತು. ರೋಮಿನ ಪಕ್ಕದಲ್ಲಿದ್ದ ಸಬೈನ್ ಜನ ಚಿನ್ನಕ್ಕೆ ‘ಔಸುಮ್’ ಎನ್ನುತ್ತಿದ್ದರೆಂದು ಫೆಸ್ಟಸ್ ಎಂಬ ಹಳೆಯ ರೋಮನ್ ನಿಘಂಟುಕಾರನ ಕೃತಿಯಲ್ಲಿ ದಾಖಲಾಗಿದೆ. ಲ್ಯಾಟಿನ್ನಿನಲ್ಲಿ ಕ್ರಿ.ಪೂ. 4ನೇ ಶತಮಾನದ ಹೊತ್ತಿಗೆ ಎರಡು ಸ್ವರಗಳ ನಡುವಿನ ಸ ಕಾರ ರ ಕಾರ ಆಗಿಬಿಟ್ಟಿತು. ಹೂವಿಗೆ ‘ಫ್ಲೋಸ್’, ಹೂವಿನ ಎನ್ನಲು ‘ಫ್ಲೋರಿಸ್’. ಫ್ಲೋರಾ ಬಂದದ್ದು ಹಾಗೆ. ಕನ್ನಡಿಗರಿಗೆ ಇದು ವಿಚಿತ್ರ ಅನ್ನಿಸಬಾರದು. ನಮ್ಮಲ್ಲಿ ಪದದ ಮೊದಲಿನ ಪ ಕಾರ ಹ ಕಾರ ಆಯಿತಲ್ಲ? ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ‘ಪೊನ್’ ಹೊನ್ನಾಯಿತು. ಕೆಜಿಎಫ್‌ನ ತಮಿಳರು ಇವತ್ತಿಗೂ ‘ಪೊನ್’ ಅನ್ನುತ್ತಾರೆ, ನಾವು ಹೊನ್ನು ಅನ್ನುತ್ತೇವೆ. ಎರಡು ಕಡೆಯೂ ಚಿನ್ನದ ಹೆಸರಿನಲ್ಲೇ ಒಂದು ಅಕ್ಷರ ಬದಲಾಗಿದೆ.

ಔಸುಮ್‌ನಲ್ಲಿರುವ ‘ಔಸ್’ ಬೇರಿಗೆ ಹೊಳೆ, ಕೆಂಪಗೆ ಬೆಳಗು ಎಂಬ ಅರ್ಥ ಇತ್ತೆಂದು ಬಹುಪಾಲು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಬೆಳಗಿನ ದೇವತೆ ‘ಅರೋರಾ’ಳ ಹೆಸರು ಇದೇ ಬೇರಿನದು. ಸಂಸ್ಕೃತದಲ್ಲಿ ಅವಳು ‘ಉಷಸ್’. ನಮ್ಮ ಉಷಾ. ಸೂರ್ಯ ಹುಟ್ಟುವ ದಿಕ್ಕಿಗೆ ಇಂಗ್ಲಿಷರ ‘ಈಸ್ಟ್’ ಕೂಡ ಇದರದೇ. ಹಾಗಾದರೆ ಇಂಗ್ಲಿಷಿನ ‘ಗೋಲ್ಡ್’? ಅದು ಬೇರೆ ಬೇರು. ಹಳದಿ, ಹೊಳಪು ಎಂಬ ಅರ್ಥದ ಆ ಬೇರಿನಿಂದಲೇ ‘ಯೆಲೋ’ ಬಂದಿದೆ, ಸಂಸ್ಕೃತದ ‘ಹಿರಣ್ಯ’ವೂ ಬಂದಿದೆ. ಗೋಲ್ಡ್‌ಗೆ ಹಿರಣ್ಯ ನೆಂಟ, ಔರುಮ್‌ಗೆ ಉಷಾ ನೆಂಟಳು. ಹೊನ್ನು ಮಾತ್ರ ಯಾರ ನೆಂಟನೂ ಅಲ್ಲ, ಅದು ದ್ರಾವಿಡದ್ದೇ.

‘ಆರ್’ ಎಂದು ಶುರುವಾಗುವುದೆಲ್ಲ ಚಿನ್ನ ಎಂದುಕೊಳ್ಳಬೇಡಿ. ಕಿವಿಗೆ ಲ್ಯಾಟಿನ್ನಿನಲ್ಲಿ ‘ಔರಿಸ್’. ಕಿವಿಗೆ ಸಂಬಂಧಿಸಿದ ‘ಆರಲ್’, ಹೃದಯದ ಮೇಲಿನ ಕೋಣೆಗೆ ಹೇಳುವ ‘ಆರಿಕಲ್’ ಅದರಿಂದ ಬಂದವು. ಆ ಕೋಣೆಗೆ ಅಂಟಿದ ಭಾಗ ಕಿವಿಯಂತೆ ಕಾಣುತ್ತದೆ ಎಂದು ಆ ಹೆಸರು. ‘ಆರಾ’ ಎಂದು ಈಗ ಎಲ್ಲರ ಬಾಯಲ್ಲೂ ಓಡಾಡುವ ಪದ ಗ್ರೀಕಿನ ‘ತಂಗಾಳಿ’. ಇವೆಲ್ಲ ಚಿನ್ನದವಲ್ಲ. ಚಿನ್ನದವು ಬೇಕೆಂದರೆ ಆಸ್ಪತ್ರೆಯ ಲ್ಯಾಬ್ ರಿಪೋರ್ಟ್ ನೋಡಿ. ಗಾಯದ ಕೀವಿನಲ್ಲಿ ಸಿಗುವ ‘ಸ್ಟ್ಯಾಫಿಲೋಕಾಕಸ್ ಆರಿಯಸ್’ ಎಂಬ ಬ್ಯಾಕ್ಟೀರಿಯಾಗೆ 1884ರಲ್ಲಿ ರೋಸೆನ್‌ಬಾಕ್ ಆ ಹೆಸರಿಟ್ಟದ್ದು ಅದರ ಗುಂಪುಗಳು ಹೊಂಬಣ್ಣ ಇದ್ದವೆಂದು. ಹಳದಿ ಮೈಯ ‘ಓರಿಯೋಲ್’ ಹಕ್ಕಿಯ ಹೆಸರೂ ಔರುಮ್‌ನ ಮೊಮ್ಮಗ. ಅದಕ್ಕೆ ಕನ್ನಡದಲ್ಲಿ ಹೊನ್ನಕ್ಕಿ. ಯಾರೂ ಯಾರನ್ನೂ ಕೇಳದೆಯೇ ಎರಡೂ ಕಡೆ ಒಂದೇ ಹೆಸರು.

ಕೊನೆಯ ‘ಅಸ್’ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಲ್ಯಾಟಿನ್ನಿನಲ್ಲಿ ‘ಔರಿಫೆರ್’ ಅಷ್ಟೇ ಇತ್ತು. ಅದನ್ನು ಇಂಗ್ಲಿಷಿನ ವಿಶೇಷಣ ಮಾಡಲು ಬಾಲ ಹಚ್ಚಿದರು. ಫೇಮಸ್, ಡೇಂಜರಸ್‌ನಲ್ಲಿ ಇರುವುದೂ ಅದೇ ಬಾಲ. ಸುಮಾರು ಮುನ್ನೂರು ವರ್ಷದಿಂದಲಾದರೂ ಈ ರೂಪ ಇಂಗ್ಲಿಷಿನಲ್ಲಿದೆ.

ನನಗೆ ಈ ಪದದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಅದು ಮೊದಲು ಯಾವುದಕ್ಕೆ ಅಂಟಿತ್ತು ಅನ್ನುವುದು. ನಾವು ಆರಿಫೆರಸ್ ಅಂದ ಕೂಡಲೇ ಕಲ್ಲನ್ನು ನೆನೆಯುತ್ತೇವೆ. ಲ್ಯಾಟಿನ್ ಕವಿಗಳು ನೆನೆದದ್ದು ನದಿಯನ್ನು. ಕ್ರಿ.ಪೂ. 1ನೇ ಶತಮಾನದ ಕಟುಲಸ್ ಈಗಿನ ಸ್ಪೇನ್, ಪೋರ್ಚುಗಲ್‌ನಲ್ಲಿ ಹರಿಯುವ ಟೇಗಸ್ ನದಿಯನ್ನು ‘ಔರಿಫೆರ್’ ಎಂದು ಕರೆದಿದ್ದಾನೆ. ಅವನ ನಂತರ ಬಂದ ಓವಿಡ್ ಕೂಡ ಅದೇ ನದಿಗೆ ಅದೇ ಪದ ಬಳಸಿದ್ದಾನೆ. ಟೇಗಸ್‌ನ ಮರಳಿನಲ್ಲಿ ಚಿನ್ನದ ಕಣಗಳಿದ್ದವು. ನದಿ ಅದನ್ನು ನಿಜವಾಗಿಯೂ ಹೊತ್ತು ತರುತ್ತಿತ್ತು. ಹೊರುವುದು ಅನ್ನುವ ಕ್ರಿಯೆಗೆ ಅಲ್ಲಿ ಪೂರಾ ಅರ್ಥ ಇತ್ತು. ನಮ್ಮಲ್ಲೂ ಇಂಥ ಹೆಸರುಗಳು ಇಲ್ಲದಿಲ್ಲ. ತುಮಕೂರು ಜಿಲ್ಲೆಯಲ್ಲಿ ಸುವರ್ಣಮುಖಿ ಹರಿಯುತ್ತದೆ. ಜಾರ್ಖಂಡ್ ಕಡೆಯ ಸುವರ್ಣರೇಖಾ ನದಿಯ ಮರಳನ್ನು ತೊಳೆದು ಚಿನ್ನ ಹೆಕ್ಕುವವರು ಈಗಲೂ ಇದ್ದಾರೆ. ಕನ್ನಡದಲ್ಲಿ ಹೀಗೆ ಮಣ್ಣು ತೊಳೆದು ಚಿನ್ನ ತೆಗೆಯುವವರಿಗೆ ಜಲಗಾರರು ಎಂಬ ಹೆಸರೇ ಇತ್ತು.

ನಿಮ್ಮೂರಿನ ಚಿನ್ನದ ಕಥೆಯೂ ಮಣ್ಣು ತೊಳೆಯುವುದರಿಂದಲೇ ಇಂಗ್ಲಿಷರ ಕಾಗದಕ್ಕೆ ಬಂದದ್ದು. 1802ರಲ್ಲಿ ಮೈಸೂರಿನ ಪೂರ್ವ ಗಡಿಯ ಸರ್ವೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಇಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ಕೇಳಿ ಊರಿನವರಿಂದ ಮಣ್ಣು ತೊಳೆಸಿ ನೋಡಿದ. ಉರಿಗಾಂ, ಮಾರಿಕುಪ್ಪಂ ಹೆಸರುಗಳು ಅವನ ಬರಹದಲ್ಲಿ ಇವೆ. ಆಮೇಲೆ ಬಹಳ ಕಾಲ ಏನೂ ಆಗಲಿಲ್ಲ. 1870ರ ದಶಕದಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಅಲ್ಲಿಂದ ಚಿನ್ನದ ಮಾತು ಮಣ್ಣಿನಿಂದ ಕಲ್ಲಿಗೆ ಇಳಿಯಿತು. 1888ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಧಾರವಾಡ ಶಿಲಾವ್ಯವಸ್ಥೆ ಬಗ್ಗೆ ಬರೆದ ಪ್ರಬಂಧದ ತಲೆಬರಹದಲ್ಲೇ ಅದನ್ನು ದಕ್ಷಿಣ ಭಾರತದ ಮುಖ್ಯ ‘ಆರಿಫೆರಸ್’ ಶಿಲಾಶ್ರೇಣಿ ಎಂದು ಕರೆದ. ಆ ಹೊತ್ತಿಗೆ ಈ ಪದ ಕವಿಗಳ ಕೈ ಬಿಟ್ಟು ಪೂರ್ತಿಯಾಗಿ ಗಣಿಯವರ ಪದವಾಗಿತ್ತು. ನಿಮ್ಮ ತಾತನ ವರದಿಯ ಭಾಷೆ ಆ ವಂಶದ್ದು.

ಈಗ ನಿಮ್ಮ ವರದಿ ಓದುವಾಗ ಮುಖ್ಯವಾಗಿ ಬೇಕಾಗುವ ವಿಷಯ ಹೇಳುತ್ತೇನೆ. ಆರಿಫೆರಸ್ ಎಂಬ ಪದ ಚಿನ್ನ ಇದೆ ಅನ್ನುತ್ತದೆ. ಎಷ್ಟಿದೆ ಅನ್ನುವುದಿಲ್ಲ. ಬಸ್ಸಿನಲ್ಲಿ ಜನ ಇದ್ದಾರೆ ಅಂದ ಹಾಗೆ, ಇಬ್ಬರೋ ಇನ್ನೂರು ಜನವೋ ಗೊತ್ತಾಗುವುದಿಲ್ಲ. ಭೂಮಿಯ ಹೊರಪದರದ ಮಾಮೂಲಿ ಕಲ್ಲಿನಲ್ಲೂ ಟನ್ನಿಗೆ ಕೆಲವು ಮಿಲಿಗ್ರಾಂ ಚಿನ್ನ ಇರುತ್ತದೆ. ಪದದ ಅಕ್ಷರಕ್ಕೇ ಅಂಟಿಕೊಂಡರೆ ನಿಮ್ಮ ಮನೆಯ ಪಾಯದ ಕಲ್ಲೂ ಆರಿಫೆರಸ್ಸೇ. ಗಣಿಯವರಿಗೆ ಬೇಕಾದದ್ದು ಬೇರೆ ಪದ, ‘ಪೇಯಬಲ್’. ಖರ್ಚು ಕಳೆದು ಕೈಗೆ ದುಡ್ಡು ಉಳಿಯುವಷ್ಟು ಚಿನ್ನ ಇದೆಯೇ ಅನ್ನುವುದು. ಒಳ್ಳೆಯ ವರದಿ ಎರಡನ್ನೂ ಬೇರೆ ಬೇರೆ ಇಟ್ಟಿರುತ್ತದೆ.

ಈ ಎರಡರ ನಡುವಿನ ಸಂದಿಯಲ್ಲಿ ಎಷ್ಟೋ ಜನರ ಹಣ ಬಿದ್ದುಹೋಗಿದೆ. 1880ರ ಆಸುಪಾಸು ಲಂಡನ್ನಿನಲ್ಲಿ ವಯನಾಡಿನ ಚಿನ್ನದ ಹೆಸರಿನಲ್ಲಿ ಕಂಪನಿಗಳ ಮೇಲೆ ಕಂಪನಿ ಶುರುವಾದವು. ಷೇರುಗಳು ಬಿಸಿದೋಸೆಯಾದವು. ವಯನಾಡಿನ ಬೆಣಚುಕಲ್ಲಿನಲ್ಲಿ ಚಿನ್ನ ಇದ್ದದ್ದು ಸುಳ್ಳಲ್ಲ, ಕಲ್ಲು ಆರಿಫೆರಸ್ ಆಗಿತ್ತು. ಆದರೆ ಗಣಿ ನಡೆಸುವಷ್ಟು ಇರಲಿಲ್ಲ. ಕೆಲವೇ ವರ್ಷದಲ್ಲಿ ಬಹುತೇಕ ಎಲ್ಲವೂ ಮುಳುಗಿದವು. ಕೋಲಾರದ ಕಥೆಯೂ ಹಾಗೇ ಮುಗಿಯುವುದರಲ್ಲಿತ್ತು. ಅಲ್ಲಿನ ಮೈಸೂರು ಮೈನ್ ಎಂಬ ಗಣಿಯ ಬಂಡವಾಳ ಕರಗಿ ಬಾಗಿಲು ಹಾಕುವ ಮಾತು ನಡೆದಿತ್ತು. ಅಷ್ಟರಲ್ಲಿ, 1880ರ ದಶಕದ ನಡುವೆ, ಪ್ಲಮರ್ ಎಂಬ ಗಣಿ ಮೇಲ್ವಿಚಾರಕ ಹಿಂದಿನ ಕಾಲದವರು ತೋಡಿಬಿಟ್ಟಿದ್ದ ಗುಂಡಿಗಳ ಕೆಳಗೆ ಇಳಿದು ಚಾಂಪಿಯನ್ ಲೋಡ್ ಎಂಬ ಚಿನ್ನದ ಎಳೆಯನ್ನು ಹಿಡಿದ. ಅಲ್ಲಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ತೆಗೆದ ಚಿನ್ನ ಸುಮಾರು 800 ಟನ್. ಪರೀಕ್ಷೆಯಲ್ಲಿ ‘ಕೋಲಾರದ ಕಲ್ಲು’, ‘ವಯನಾಡಿನ ಕಲ್ಲು’ ಎರಡಕ್ಕೂ ಒಂದೇ ವಿಶೇಷಣ. ಬ್ಯಾಂಕಿನಲ್ಲಿ ಹಾಗಲ್ಲ.

ಫೆರುಜಿನಸ್ ಬಗ್ಗೆ. ಅದರಲ್ಲಿ ನಿಜವಾಗಿಯೂ ಕಬ್ಬಿಣ ಇದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ತುಕ್ಕು ಇದೆ. ಲ್ಯಾಟಿನ್ನಿನಲ್ಲಿ ‘ಫೆರುಗೊ’ ಅಂದರೆ ಕಬ್ಬಿಣದ ತುಕ್ಕು, ಆ ಬಣ್ಣ. ಫೆರುಜಿನಸ್ ಕ್ವಾರ್ಟ್ಜೈಟ್ ಎಂದರೆ ಬೆಣಚಿನ ಬಿಳಿ ಪಟ್ಟೆ, ಕಬ್ಬಿಣದ ಕಪ್ಪು ಕೆಂಪು ಪಟ್ಟೆ ಒಂದರ ಮೇಲೊಂದು ಬಂದಿರುವ ಕಲ್ಲು. ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಹಬ್ಬಿರುವ ಕೋಲಾರದ ಶಿಲಾಪಟ್ಟಿಯಲ್ಲಿ ಇಂಥ ಕಲ್ಲೂ ಇದೆ. ಆದರೆ ಚಾಂಪಿಯನ್ ಲೋಡ್‌ನ ಚಿನ್ನ ಇದ್ದದ್ದು ಅದರಲ್ಲಲ್ಲ. ಕಪ್ಪನೆಯ ಹಾರ್ನ್‌ಬ್ಲೆಂಡ್ ಶಿಸ್ಟ್ ಬಂಡೆಯೊಳಗೆ ಹಾದುಹೋದ ಬೆಣಚುಕಲ್ಲಿನಲ್ಲಿ. ಆದ್ದರಿಂದ ನಿಮ್ಮ ವರದಿಯಲ್ಲಿ ಆರಿಫೆರಸ್ ಒಂದು ಕಲ್ಲಿಗೂ ಫೆರುಜಿನಸ್ ಇನ್ನೊಂದು ಕಲ್ಲಿಗೂ ಬಂದಿರುತ್ತದೆ. ಹಾಗಂತ ಎರಡೂ ಒಂದೇ ಕಲ್ಲಿಗೆ ಸೇರಬಾರದು ಎಂದೇನಿಲ್ಲ. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ತೆಗೆದ ಚಿನ್ನ ಕಬ್ಬಿಣದ ಪಟ್ಟೆಕಲ್ಲಿನಲ್ಲೇ ಇದ್ದದ್ದು. ಅಲ್ಲಿನ ಕಲ್ಲು ಆರಿಫೆರಸ್ಸೂ ಹೌದು, ಫೆರುಜಿನಸ್ಸೂ ಹೌದು. ನಿಮ್ಮ ಅನುಮಾನ ಪದದ ಮಟ್ಟಿಗೆ ತಪ್ಪು, ಕಲ್ಲಿನ ಮಟ್ಟಿಗೆ ಕೆಲವೊಮ್ಮೆ ಸರಿ!

ಮಾಮೂಲಿ ಇಂಗ್ಲಿಷಿನಲ್ಲಿ ಬಳಸಬಹುದೇ ಎಂದು ಕೇಳಿದ್ದೀರಿ. ಬಳಸಬೇಡಿ. ಚಿನ್ನದ ಸರಕ್ಕೆ ಆರಿಫೆರಸ್ ಅನ್ನುವ ಹಾಗಿಲ್ಲ. ಅದು ಚಿನ್ನದಿಂದ ಆದದ್ದು, ಚಿನ್ನ ಹೊತ್ತದ್ದಲ್ಲ. ಅದಕ್ಕೆ ಗೋಲ್ಡ್ ಸಾಕು. ಹೊಂಬಣ್ಣದ ಬೆಳಕಿಗೆ, ಕೂದಲಿಗೆ, ಒಳ್ಳೆಯ ಕಾಲಕ್ಕೆ ಗೋಲ್ಡನ್. ಮೇಲೆ ಚಿನ್ನದ ನೀರು ಕೊಟ್ಟದ್ದಕ್ಕೆ ಗಿಲ್ಟ್. ಅದನ್ನೇ ನಾವು ‘ಗಿಲೀಟು’ ಮಾಡಿಕೊಂಡು ಗಿಲೀಟಿನ ಒಡವೆ ಅನ್ನುತ್ತೇವೆ. ರಸಾಯನಶಾಸ್ತ್ರದ ಸಂಯುಕ್ತಗಳಿಗೆ ಆರಸ್, ಆರಿಕ್. ಅಲಂಕಾರ ಜಾಸ್ತಿಯಾದ ಬರವಣಿಗೆಗೆ ‘ಆರಿಯೇಟ್’. ಆರಿಫೆರಸ್ ಇರುವುದು ಕಲ್ಲು, ಮಣ್ಣು, ಮರಳು, ನದಿಗಳಿಗೆ. ತಮಾಷೆಗೆ ಬಳಸಿದರೆ ಚೆನ್ನಾಗಿರುತ್ತದೆ. ಮದುವೆ ಮಂಟಪದಲ್ಲಿ ಕತ್ತಿನಿಂದ ಸೊಂಟದವರೆಗೆ ಒಡವೆ ಹೇರಿಸಿಕೊಂಡು ಕೂತ ಹುಡುಗಿಯನ್ನು ಆರಿಫೆರಸ್ ಬ್ರೈಡ್ ಅಂದರೆ ಅಕ್ಷರಶಃ ಸರಿ. ಅವಳ ಮನೆಯವರಿಗೆ ಅರ್ಥವಾಗದಿದ್ದರೆ ಇನ್ನೂ ಒಳ್ಳೆಯದು. ಕಾಗೆ ಬಂಗಾರಕ್ಕಂತೂ, ಅದೇ ಮಕ್ಕಳು ಆರಿಸಿಕೊಳ್ಳುವ ಹೊಳೆಯುವ ಅಭ್ರಕಕ್ಕೆ, ಯಾವ ಕಾರಣಕ್ಕೂ ಸಲ್ಲದು.

ಬಂಗಾರಪೇಟೆಯೂ ಆರಿಫೆರಸ್ ಅಲ್ಲ. ಬೇಜಾರು ಮಾಡಿಕೊಳ್ಳಬೇಡಿ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಲ್ಲಿ ಅದು ಬೌರಿಂಗ್‌ಪೇಟೆ ಆಗಿತ್ತು. ಗಣಿ ಪಕ್ಕದಲ್ಲೇ ಇದ್ದಾಗ ಜನರ ನಾಲಿಗೆಗೆ ಬೌರಿಂಗ್‌ಗಿಂತ ಬಂಗಾರ ಸುಲಭ ಅಲ್ವಾ? ಆ ಬಂಗಾರ ಪದ ಕೂಡ ಸಂಸ್ಕೃತದ ‘ಭೃಂಗಾರ’ದಿಂದ ಬಂದದ್ದು ಎನ್ನುತ್ತವೆ ಕನ್ನಡ ನಿಘಂಟುಗಳು.

ಕನ್ನಡದಲ್ಲಿ ಏನನ್ನಬೇಕು? ಪಠ್ಯಗಳಲ್ಲಿ ‘ಸ್ವರ್ಣಯುಕ್ತ’ ಎಂದು ನೋಡಿದ್ದೇನೆ. ತಪ್ಪಿಲ್ಲ, ಆದರೆ ಔಷಧಿ ಅಂಗಡಿಯ ಚ್ಯವನಪ್ರಾಶದ ಡಬ್ಬಿ ನೆನಪಾಗುತ್ತದೆ. ನನ್ನ ಮತ ‘ಚಿನ್ನವಿರುವ ಬೆಣಚುಕಲ್ಲು’. ಸುಮ್ನೆ, ನೇರವಾಗಿ. ಒಂದೇ ಪದ ಬೇಕೇ ಬೇಕು ಎಂದರೆ ‘ಹೊನ್ನುಗಲ್ಲು’ ಎನ್ನಿ, ಹಳಗನ್ನಡದವರು ಬೇಡ ಅನ್ನಲಾರರು. ‘ಚಿನ್ನದ ಕಲ್ಲು’ ಮಾತ್ರ ಬೇಡ. ಅದು ಚಿನ್ನದಿಂದಲೇ ಆದ ಕಲ್ಲು ಎಂದು ಕೇಳಿಸುತ್ತದೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳಿಗೂ ಈ ಪದ ಇನ್ನೂ ಸಲ್ಲುತ್ತದೆ. ಕಲ್ಲು ಅರೆದು ಚಿನ್ನ ತೆಗೆದು ಎಸೆದ ಆ ಪುಡಿಯಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ. ಅದನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ಕೊನೆಯದಾಗಿ, ಆ ವರದಿಯಲ್ಲಿ ಆರಿಫೆರಸ್ ಬಂದ ಕಡೆಯೆಲ್ಲ ಅದೇ ಸಾಲಿನಲ್ಲೋ ಮುಂದಿನ ಪಟ್ಟಿಯಲ್ಲೋ ಒಂದು ಅಂಕಿ, ಅದರ ಪಕ್ಕ ಡಿ, ಡಬ್ಲ್ಯು, ಟಿ ಎಂಬ ಮೂರು ಅಕ್ಷರ ಇದೆಯೇ ಹುಡುಕಿ. ಅದು ಪೆನ್ನಿವೇಟ್. ಡಿ ಬಂದದ್ದು ರೋಮನ್ ನಾಣ್ಯ ದಿನಾರಿಯಸ್‌ನಿಂದ, ಉಳಿದೆರಡು ವೇಟ್‌ನಿಂದ. 20 ಪೆನ್ನಿವೇಟ್ ಸೇರಿದರೆ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ. ಒಂದು ಪೆನ್ನಿವೇಟ್ ಸುಮಾರು 1.56 ಗ್ರಾಂ. ಟನ್ನಿಗೆ 10 ಪೆನ್ನಿವೇಟ್ ಎಂದಿದ್ದರೆ ಒಂದು ಟನ್ ಕಲ್ಲಿಗೆ ಸುಮಾರು ಹದಿನೈದೂವರೆ ಗ್ರಾಂ ಚಿನ್ನ ಎಂದು ಲೆಕ್ಕ ಹಾಕಿಕೊಳ್ಳಿ. ವರದಿಯಲ್ಲಿ ಇಸವಿ ಇದ್ದರೆ ಅದನ್ನೂ ಬರೆದು ಕಳಿಸಿ. ಹಾಳೆಗಳನ್ನು ಮಡಚಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ.